ಮಷೀನು ತೋರಿಸಿದ ಅಂಕಿಗೆ ಹೆದರುವ ಮುನ್ನ

ಬಿಜ್ಜರಗಿಯ ನನ್ನ ಗೆಳೆಯನಿಗೆ ಟೈಪ್ 2 ಸಕ್ಕರೆ ಕಾಯಿಲೆ. ಅದು ಗೊತ್ತಾದ ಮೇಲೆ ಮಗ ವಿಜಯಪುರದಿಂದ ಗ್ಲುಕೋಮೀಟರ್ ತಂದುಕೊಟ್ಟ. ಈಗ 130 ಬಂದರೆ ಗೆಳೆಯ ಹುರುಪಿನಿಂದ ದ್ರಾಕ್ಷಿ ಪಡಕ್ಕೆ ಹೊರಡುತ್ತಾನೆ, 190 ಬಂದರೆ ಊಟ ಬಿಟ್ಟು ಕೂರುತ್ತಾನೆ. ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ರಾತ್ರಿ ಒಂದ ರೊಟ್ಟಿ ತಿಂದೀನಿ, ಮುಂಜಾನೆದ್ದ ನೋಡಿದ್ರ 168 ತೋರಸಾಕತ್ತೈತಿ. ನನ್ನ ಕಿಡ್ನಿ ಹೋದಂಗ ಅಲ್ಲೇನು?"

ಅಲ್ಲ. ಕಿಡ್ನಿ, ಕಣ್ಣು, ಕಾಲಿನ ನರಗಳಿಗೆ ಪೆಟ್ಟು ಬೀಳುವುದು ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆಯಿಂದ. ಒಂದು ಮುಂಜಾನೆಯ 168 ಅಷ್ಟು ಕೇಡು ಮಾಡುವುದಿಲ್ಲ. ಆ ಅಂಕಿ ಹೇಗೆ ಹುಟ್ಟಿತು ಎಂಬುದು ತಿಳಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ಅವನಿಗೆ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೈ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ಕೊಯ್ಲು, ಮಣೂಕ (ಒಣದ್ರಾಕ್ಷಿ) ಮಾಡುವ ಕೆಲಸ ಜೋರಾಗಿರುವ ದಿನಗಳಲ್ಲಿ ಈ ಮಾತು ಇನ್ನಷ್ಟು ಮುಖ್ಯ. ಜಪಾನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ದ್ರಾಕ್ಷಿ ಸೀಮೆಗೆಂದೇ ಮಾಡಿದಂತಿದೆ. ಸಕ್ಕರೆ ಕಾಯಿಲೆ ಇಲ್ಲದವರ ಕೈಗೆ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಕೊಟ್ಟು ಸಿಪ್ಪೆ ಸುಲಿಸಿದರು. ಕೈ ತೊಳೆಯದೆ ಬೆರಳು ಚುಚ್ಚಿ ನೋಡಿದಾಗ ಮಷೀನು ವಿಪರೀತ ಏರಿದ ಅಂಕಿ ತೋರಿಸಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅಂಕಿ ಸರಿಹೋಗಲಿಲ್ಲ. ನಲ್ಲಿ ನೀರಿನಲ್ಲಿ ತೊಳೆದ ಮೇಲೆಯೇ ನಿಜವಾದ ಅಂಕಿ ಬಂತು. ಮಷೀನಿಗೆ ಹಾಕುವ ಪಟ್ಟಿ ಹೀರಿಕೊಳ್ಳುವುದು ಸಾಸಿವೆ ಕಾಳಿನಷ್ಟೂ ಇಲ್ಲದ ರಕ್ತ. ಅದರಲ್ಲಿ ಬೆರಳಿಗಂಟಿದ ಹಣ್ಣಿನ ರಸ ಒಂದಿಷ್ಟು ಬೆರೆತರೂ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಪಡದಿಂದ ಬಂದವರು, ಮಣೂಕ ಶೆಡ್ಡಿನಲ್ಲಿ ಕೈಯಾಡಿಸಿದವರು, ಬೆಲ್ಲ ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿ, ಆಮೇಲೆ ಬೆರಳು ಚುಚ್ಚಬೇಕು. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಬೆರಳನ್ನು ಜೋರಾಗಿ ಹಿಂಡುವುದೂ ಬೇಡ.

ಎರಡನೆಯದು ಪಟ್ಟಿಗಳ ಡಬ್ಬಿ. ಸಾಮಾನ್ಯವಾಗಿ ಇವನ್ನು 30 ಡಿಗ್ರಿಯ ಒಳಗೆ ಇಡಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತಾರೆ. ವಿಜಯಪುರದ ಬೇಸಿಗೆ 40 ದಾಟುತ್ತದೆ. ಬೈಕಿನ ಡಿಕ್ಕಿಯಲ್ಲೋ ತಗಡಿನ ಶೆಡ್ಡಿನಲ್ಲೋ ಇಟ್ಟ ಪಟ್ಟಿಯನ್ನು ನಂಬುವಂತಿಲ್ಲ. ಮನೆಯ ಒಳಕೋಣೆಯ ತಂಪಾದ ಒಣ ಜಾಗದಲ್ಲಿಟ್ಟು, ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಬೇಕು. ಅವಧಿ ಮುಗಿದವನ್ನು ಎಸೆಯಬೇಕು, ಎಷ್ಟೇ ದುಬಾರಿಯಾದರೂ.

ಇಷ್ಟೆಲ್ಲ ಸರಿಯಿದ್ದರೂ ಮನೆಯ ಮಷೀನು ಕರಾರುವಾಕ್ಕಾಗಿ ಹೇಳುವುದಿಲ್ಲ. ಐಎಸ್‌ಒ ಸಂಸ್ಥೆ 2013ರಲ್ಲಿ ಗೊತ್ತುಮಾಡಿದ ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ನೂರರಲ್ಲಿ 95 ಸಲ ಅಂಕಿ ಲ್ಯಾಬಿನ ಅಂಕಿಗಿಂತ ಶೇ. 15ರವರೆಗೆ ಆಚೀಚೆ ಇದ್ದರೂ ಮಷೀನು ಸರಿಯೆಂದೇ ಲೆಕ್ಕ. ಅಂದರೆ ನಿಜವಾದ ಸಕ್ಕರೆ 160 ಇದ್ದಾಗ ಮಷೀನು 136 ತೋರಿಸಬಹುದು, 184 ಕೂಡ ತೋರಿಸಬಹುದು. ಐದು ನಿಮಿಷದಲ್ಲಿ ಎರಡು ಸಲ ಚುಚ್ಚಿಕೊಂಡು "ಒಮ್ಮೆ 158, ಒಮ್ಮೆ 175, ಯಾವುದು ಖರೇ?" ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ: ಎರಡೂ ಒಂದೇ ರಕ್ತದ ಅಂಕಿ, ಎರಡರಿಂದಲೂ ತಿಳಿಯುವುದು ಒಂದೇ ಸಂಗತಿ. ದ್ರಾಕ್ಷಿ ಬೆಳೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಯಿಯ ಬ್ರಿಕ್ಸ್ (ಸಿಹಿಯ ಮಟ್ಟ) ನೋಡಿ ಯಾರೂ ಪಡವನ್ನೆಲ್ಲ ಕೊಯ್ಲಿಗಿಳಿಸುವುದಿಲ್ಲ, ನಾಲ್ಕಾರು ಸಾಲಿನ ಕಾಯಿ ಹಿಂಡಿ ನೋಡುತ್ತಾರೆ.

ಇನ್ನು ಮುಂಜಾನೆಯ ಆ 168. ನನ್ನ ಗೆಳೆಯನನ್ನು ಹೆಚ್ಚು ಕಾಡುವುದು ಇದೇ, ಯಾಕೆಂದರೆ ಅವನ ಪ್ರಕಾರ ತಿನ್ನದಿದ್ದರೆ ಏರಬಾರದು. ಆದರೆ ಸಕ್ಕರೆ ಬರುವುದು ತಟ್ಟೆಯಿಂದ ಮಾತ್ರವಲ್ಲ. ನಾವು ಮಲಗಿದ್ದಾಗ ಮಿದುಳಿಗೆ ಬೇಕಾದ ಇಂಧನವನ್ನು ಲಿವರ್ ತನ್ನ ದಾಸ್ತಾನಿನಿಂದ ಬಿಡುತ್ತಿರುತ್ತದೆ. ನಸುಕಿನ ಮೂರರ ಸುಮಾರಿಗೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮೊದಲಾದವು ದೇಹವನ್ನು ಎಚ್ಚರಕ್ಕೆ ಅಣಿಗೊಳಿಸುತ್ತ ಲಿವರಿಗೆ ಇನ್ನಷ್ಟು ಸಕ್ಕರೆ ಬಿಡಲು ಹೇಳುತ್ತವೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ತಕ್ಷಣ ಹತೋಟಿಗೆ ತರುತ್ತದೆ. ಟೈಪ್ 2 ಇರುವವರಲ್ಲಿ ಇನ್ಸುಲಿನ್ನಿನ ಮಾತನ್ನು ಲಿವರ್ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ರಾತ್ರಿ ಮಲಗುವಾಗ ಇದ್ದದ್ದಕ್ಕಿಂತ ಮುಂಜಾನೆ ಹೆಚ್ಚು ಬರುತ್ತದೆ. ಇದು ಆ ಮನುಷ್ಯ ಮಾಡಿದ ತಪ್ಪಲ್ಲ, ಕದ್ದು ತಿಂದದ್ದರ ಸಾಕ್ಷಿಯೂ ಅಲ್ಲ. ಮನೆಯವರು ಈ ಮಾತು ತಿಳಿದಿರಬೇಕು, "ರಾತ್ರಿ ಏನ್ ತಿಂದಿ ಹೇಳು" ಎಂಬ ವಿಚಾರಣೆಯಿಂದ ಮನಸ್ಸು ನೋಯುತ್ತದೆ. ಹೆದರಿ ರಾತ್ರಿಯ ಊಟ ಬಿಡುವುದೂ ಪರಿಹಾರವಲ್ಲ. ಊಟ ಬೇಗ ಮುಗಿಸಿ ಓಣಿಯಲ್ಲಿ ಸ್ವಲ್ಪ ಅಡ್ಡಾಡಿದರೆ ಹಲವರಿಗೆ ಅನುಕೂಲವಾಗುತ್ತದೆ. ವಾರಗಟ್ಟಲೆ ಮುಂಜಾನೆಯ ಅಂಕಿ ಏರಿಯೇ ಇದ್ದರೆ ಅದನ್ನು ಡಾಕ್ಟರ ಮುಂದಿಡಬೇಕು. ಗುಳಿಗೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸುವುದು ಅವರ ಕೆಲಸ.

ಅಂಕಿ ಎಷ್ಟಿದ್ದರೆ ಸರಿ? ಬಹುತೇಕ ವಯಸ್ಕರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಎಂಬುದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುವ ಗುರಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಇದನ್ನು ಸಡಿಲಿಸುತ್ತಾರೆ. ಊಟದ ನಂತರ ಎಂದರೆ ಮೊದಲ ತುತ್ತಿನಿಂದ ಎರಡು ತಾಸು, ಕೈ ತೊಳೆದ ಹೊತ್ತಿನಿಂದಲ್ಲ. ಜ್ವರ ಬಂದಾಗ, ಹಲ್ಲು ನೋವಿದ್ದಾಗ, ನಿದ್ದೆಗೆಟ್ಟಾಗ, ಮೊಣಕಾಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಾಗ ಕೆಲವು ದಿನ ಅಂಕಿ ಏರುತ್ತದೆ. ಅದಕ್ಕೇ ಒಂದು ನೋಟುಪುಸ್ತಕದಲ್ಲಿ ಅಂಕಿಯ ಪಕ್ಕ ಹೊತ್ತು, ಊಟ, ಮೈಯ ಸ್ಥಿತಿ ಬರೆದಿಡಬೇಕು. ಅಂಕಿಯಷ್ಟನ್ನೇ ಬರೆದರೆ ಡಾಕ್ಟರಿಗೂ ಕಾರಣ ಹೊಳೆಯುವುದಿಲ್ಲ.

ಒಂದೊಂದು ದಿನದ ಏರಿಳಿತ ಮೀರಿ ನಿಜಸ್ಥಿತಿ ಹೇಳುವುದು ಎಚ್‌ಬಿಎ1ಸಿ, ಜನ ಕರೆಯುವಂತೆ "ಮೂರು ತಿಂಗಳ ಶುಗರ್". ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಇದು. 7 ಬಂದರೆ ಸರಾಸರಿ ಸುಮಾರು 154, 8 ಬಂದರೆ 183, 9 ಬಂದರೆ 212. ನನ್ನ ಗೆಳೆಯ ಮುಂಜಾನೆಯ 168 ಕಂಡು ನಿದ್ದೆಗೆಡುವ ಬದಲು ಈ ಪರೀಕ್ಷೆ ಮಾಡಿಸಲಿ ಎಂಬುದು ನನ್ನ ಒತ್ತಾಯ. ಒಂದು ಎಚ್ಚರ: ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇರುವವರಲ್ಲಿ ಇದು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಬೇಕು.

ಲ್ಯಾಬಿನ ಅಂಕಿ, ಮನೆಯ ಅಂಕಿ ಹೊಂದದಿದ್ದಾಗ ಇನ್ನೊಂದು ಕಾರಣವನ್ನೂ ನೆನೆಯಬೇಕು. ಹಳ್ಳಿಯಲ್ಲಿ ತೆಗೆದ ರಕ್ತ ವಿಜಯಪುರದ ಲ್ಯಾಬ್ ಮುಟ್ಟುವುದು ತಡವಾದರೆ, ನಳಿಕೆಯೊಳಗಿನ ರಕ್ತಕಣಗಳೇ ಸಕ್ಕರೆಯನ್ನು ತಿಂದು ಗಂಟೆಗೆ ಶೇ. 5ರಿಂದ 7ರಷ್ಟು ಇಳಿಸುತ್ತವೆ. ಇದನ್ನು ತಡೆಯಲೆಂದೇ ಬೂದು ಮುಚ್ಚಳದ ನಳಿಕೆಯಲ್ಲಿ ಫ್ಲೋರೈಡ್ ಇರುತ್ತದೆ, ಆದರೂ ಮೊದಲ ಒಂದೆರಡು ತಾಸಿನ ಇಳಿತವನ್ನು ಅದು ಪೂರ್ತಿ ತಡೆಯಲಾರದು.

ಊಟದ ಬಗ್ಗೆ ಎರಡೇ ಮಾತು. ಬಿಳಿಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಜೋಳದಲ್ಲೂ ಬಹುಪಾಲು ಪಿಷ್ಟವೇ, ಹಾಗಾಗಿ ರೊಟ್ಟಿಗೆ ಲೆಕ್ಕ ಬೇಕು, ಕಾಳುಪಲ್ಯ ಮತ್ತು ಹಸಿ ತರಕಾರಿಗೆ ಧಾರಾಳ ಇರಲಿ. ಮಣೂಕವನ್ನು ಔಷಧಿಯೆಂದು ಹಿಡಿಹಿಡಿ ತಿನ್ನುವುದು ಬೇಡ. ತಾಜಾ ದ್ರಾಕ್ಷಿಯ 100 ಗ್ರಾಂನಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇದ್ದರೆ, ಒಣಗಿದ ಮೇಲೆ ಅದೇ ತೂಕದಲ್ಲಿ 60 ಗ್ರಾಂ ಆಗುತ್ತದೆ.

ಧೈರ್ಯ ಹೇಳುವವನು ಯಾವಾಗ ಓಡಬೇಕು ಎಂಬುದನ್ನೂ ಹೇಳಬೇಕು. ಕೈ ತೊಳೆದು ಮತ್ತೆ ನೋಡಿದರೂ 300 ಮೀರಿಯೇ ಇದ್ದು, ವಾಂತಿ, ತಡೆಯಲಾರದ ಬಾಯಾರಿಕೆ, ಏದುಸಿರು, ಮಂಪರು ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಅದಕ್ಕಿಂತ ತುರ್ತಾದದ್ದು 70ಕ್ಕಿಂತ ಕೆಳಗಿನ ಅಂಕಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ತೆಗೆದುಕೊಂಡು, ಬುತ್ತಿ ಬಿಚ್ಚದೆ ಬಿಸಿಲಲ್ಲಿ ದುಡಿದವರಿಗೆ ಇದು ಬರಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಅಪರೂಪ. ಬೆವರು, ಕೈನಡುಕ, ಎದೆಬಡಿತ, ತಡವರಿಸುವ ಮಾತು ಇದರ ಗುರುತು. ತಕ್ಷಣ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು, ಏರಿದ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಹೊಲಕ್ಕೆ ಹೋಗುವಾಗ ಜೇಬಿನಲ್ಲೊಂದು ಗ್ಲೂಕೋಸ್ ಪೊಟ್ಟಣ ಇರಲಿ, ಅದು ಎಲ್ಲಿದೆ ಎಂಬುದು ಜೊತೆಗೆ ದುಡಿಯುವವರಿಗೂ ಗೊತ್ತಿರಲಿ.