ಭಾಗವತರ ಪಂಚೆ ಹಳದಿಯಾದದ್ದೇಕೆ?

ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಹಲವು ಮನೆಗಳ ಕಪಾಟಿನಲ್ಲಿ ಈಗಲೂ ಕರಿ ಬಣ್ಣದ ವಿಡಿಯೊ ಕ್ಯಾಸೆಟ್‌ಗಳು ಬಿದ್ದಿವೆ. ಕೆಲವದರ ಮೇಲೆ ‘ಅಕ್ಕನ ಮದುವೆ’ ಎಂದಿದೆ, ಕೆಲವದರ ಮೇಲೆ ಬರೀ ‘ಆಟ’. ಈ ಸೀಮೆಯಲ್ಲಿ ಆಟವೆಂದರೆ ಯಕ್ಷಗಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ವಿಸಿಆರ್ ಹೊತ್ತು ತರುತ್ತಿದ್ದ ಕಾಲದ ಸರಕು ಅದು. ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಚಿಟ್ಟಾಣಿಯವರ ಭಸ್ಮಾಸುರನನ್ನು ಇಂದಿನ ಹತ್ತನೇ ತರಗತಿಯ ಹುಡುಗ ನೋಡಬೇಕೆಂದರೆ ಯಾರೋ ಹಿಂದೆ ತೆಗೆದಿಟ್ಟ ವಿಡಿಯೊ ಒಂದೇ ದಾರಿ. ಈಗಿನ ಕಲಾವಿದರ ಆಟವನ್ನು ಅದೇ ಹುಡುಗ ಮೊಬೈಲಿನಲ್ಲಿ ಹಿಡಿಯುತ್ತಿದ್ದಾನೆ. ಹಿಡಿದದ್ದು ಚೆನ್ನಾಗಿ ಬರಬೇಕಾದರೆ, ಹಳೆಯದು ಉಳಿಯಬೇಕಾದರೆ, ಕ್ಯಾಮೆರಾದವರು ಆಡುವ ಕೆಲವು ಮಾತುಗಳ ಅರ್ಥ ತಿಳಿದಿರಬೇಕು.

ಮೊದಲನೆಯದು ಫ್ರೇಮ್. ವಿಡಿಯೊದಲ್ಲಿ ಚಲನೆ ಎಂಬುದೇ ಇಲ್ಲ, ಇರುವುದೆಲ್ಲ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು. ಅಂಥ ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಫ್ರೇಮ್ ರೇಟ್. ನಮ್ಮ ದೇಶದ ಟಿ.ವಿ.ಗೆ 25, ಅಮೆರಿಕಕ್ಕೆ ಸುಮಾರು 30. ಈ ವ್ಯತ್ಯಾಸದ ಮೂಲ ಕರೆಂಟಿನಲ್ಲಿದೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50, ಅವರಲ್ಲಿ 60. ಟಿ.ವಿ.ಯ ಲೆಕ್ಕವನ್ನು ಆಯಾ ದೇಶದವರು ಅದಕ್ಕೇ ಹೊಂದಿಸಿಕೊಂಡರು.

ಹಳೇ ಲೆಕ್ಕ ಈಗೇಕೆ ಎನ್ನಬೇಡಿ. ರಂಗಸ್ಥಳದ ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಒಂದೊಂದು ಫ್ರೇಮಿಗೆ ಬೆಳಕು ಒಳಬಿಡುವ ಅವಧಿಯೇ ಶಟರ್ ವೇಗ. ಹಲವು ಮೊಬೈಲ್‌ಗಳು 30 ಫ್ರೇಮಿಗೆ, 1/60 ಸೆಕೆಂಡಿನ ಶಟರಿಗೆ ಹೊಂದಿಕೊಂಡುಬಿಡುತ್ತವೆ. ಆ ಅವಧಿಯಲ್ಲಿ ದೀಪದ ಮಿನುಗು ಒಂದೂ ಮುಕ್ಕಾಲು ಪಾಲಿಗಿಂತ ಕಡಿಮೆ ಸಿಗುತ್ತದೆ. ಒಂದು ಫ್ರೇಮಿಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಕಡಿಮೆ. ಪರದೆಯ ಮೇಲೆ ಕಪ್ಪು ಪಟ್ಟೆಗಳು ತೆವಳುವುದು ಇದರಿಂದಲೇ. 25 ಫ್ರೇಮ್, 1/50 ಶಟರ್ ಎಂದು ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು, ಪಟ್ಟೆ ಮಾಯ. ‘ಮೊಬೈಲ್ ಹಾಳಾಗಿದೆ’ ಎಂದು ಹೊಸದಕ್ಕೆ ಹಟ ಹಿಡಿಯುವ ಮಕ್ಕಳ ತಂದೆತಾಯಿ ಇದನ್ನು ತಿಳಿದಿದ್ದರೆ ಒಳ್ಳೆಯದು.

ಆದರೆ ವೇಷಧಾರಿ ದಿಗಿಣ ಹಾಕಿದರೆ? 1/50 ಸೆಕೆಂಡಿನಲ್ಲಿ ಕೈಕಾಲು ಎಷ್ಟೋ ದೂರ ಸಾಗಿರುತ್ತದೆ, ಚಿತ್ರ ಮಸುಕಾಗುತ್ತದೆ. 1/500ಕ್ಕೆ ಏರಿಸಿದರೆ ಗೆರೆ ಚೂಪು, ಆದರೆ ಬೆಳಕು ಹತ್ತರಲ್ಲಿ ಒಂದು ಪಾಲು, ಜೊತೆಗೆ ಮಿನುಗಿನ ಕಾಟ. ರಾತ್ರಿ ಆಟಕ್ಕೆ ಮಸುಕನ್ನು ಒಪ್ಪಿಕೊಳ್ಳುವುದೇ ಲೇಸು. ಕುಣಿತದ ಮಸುಕು ನೋಡುವವರಿಗೆ ಅಷ್ಟೇನೂ ತೊಡಕಾಗದು.

ಇನ್ನು ವೈಟ್ ಬ್ಯಾಲೆನ್ಸ್. ಹಗಲ ಬೆಳಕಿಗೂ ಬಲ್ಬಿನ ಬೆಳಕಿಗೂ ಬಣ್ಣ ಬೇರೆ. ಇದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ನಡುಹಗಲಿಗೆ ಸುಮಾರು 5500, ಹಳೆಯ ತಂತಿ ಬಲ್ಬಿಗೆ ಸುಮಾರು 2700. ಅಂಕಿ ಇಳಿದಷ್ಟೂ ಬೆಳಕು ಕೆಂಪು-ಹಳದಿಯತ್ತ ವಾಲುತ್ತದೆ. ನಮ್ಮ ಮೆದುಳು ತಾನೇ ತಿದ್ದಿಕೊಂಡು ಬಿಳಿಯನ್ನು ಬಿಳಿ ಎಂದೇ ನೋಡುತ್ತದೆ. ಕ್ಯಾಮೆರಾಕ್ಕೆ ಹಾಗಾಗದು, ಬಿಳಿ ಯಾವುದೆಂದು ಅದಕ್ಕೆ ಹೇಳಬೇಕು. ಹಗಲಿನ ಲೆಕ್ಕದಲ್ಲಿಟ್ಟ ಕ್ಯಾಮೆರಾ ಬಲ್ಬಿನ ಕೆಳಗೆ ಭಾಗವತರ ಬಿಳಿ ಪಂಚೆಯನ್ನು ಅರಿಶಿನದಲ್ಲಿ ಅದ್ದಿದಂತೆ ತೋರಿಸುತ್ತದೆ. ಆಟ ಶುರುವಾಗುವ ಮೊದಲು ರಂಗಸ್ಥಳದ ಬೆಳಕಿನಲ್ಲಿ ಒಂದು ಬಿಳಿ ಹಾಳೆ ಹಿಡಿದು ಕ್ಯಾಮೆರಾಕ್ಕೆ ತೋರಿಸಿ, ಅಲ್ಲಿಗೇ ಬಿಗಿಮಾಡಿದರಾಯಿತು. ತಾನಾಗಿಯೇ ಬದಲಾಗಲು ಬಿಟ್ಟರೆ ಕೆಂಪು ವೇಷ ಬಂದಾಗೊಮ್ಮೆ, ಹಸಿರು ಬಂದಾಗೊಮ್ಮೆ ಹಿನ್ನೆಲೆಯ ಬಣ್ಣವೂ ಓಲಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಧ್ವನಿ, ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದೂ ಅದಕ್ಕೇ. ಮೊಬೈಲಿನಲ್ಲಿ ಆಟೋ ಗೇನ್ ಎಂಬ ವ್ಯವಸ್ಥೆಯಿದೆ. ಸದ್ದು ಜೋರಾದರೆ ತಗ್ಗಿಸುವುದು, ಮೆಲ್ಲಗಾದರೆ ಏರಿಸುವುದು ಅದರ ಕೆಲಸ. ಮಾತಾಡುವಾಗ ಸರಿ. ಚಂಡೆಗೆ ಪೆಟ್ಟು ಬಿದ್ದೊಡನೆ ಅದು ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಪದ ಅದರಡಿ ಹೂತುಹೋಗುತ್ತದೆ. ಡಿಜಿಟಲ್ ಧ್ವನಿಯಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ನಿಶ್ಶಬ್ದವಲ್ಲ, ತುತ್ತತುದಿ. ಅದರಾಚೆ ಹೋದ ಅಲೆಯ ತಲೆ ಕತ್ತರಿಸಿ ಬೀಳುತ್ತದೆ. ಇದೇ ಕ್ಲಿಪಿಂಗ್. ಕತ್ತರಿಸಿ ಹೋದದ್ದನ್ನು ಆಮೇಲೆ ಪೂರ್ತಿ ಮರಳಿ ಪಡೆಯಲಾಗದು. ಗೇನನ್ನು ಕೈಯಿಂದ ಹೊಂದಿಸಿ, ಚಂಡೆಯ ಅತಿ ಜೋರಿನ ಪೆಟ್ಟೂ ಸೊನ್ನೆಗಿಂತ ಆರು ಡೆಸಿಬೆಲ್ ಕೆಳಗೇ ನಿಲ್ಲುವಂತೆ ನೋಡಿಕೊಂಡರೆ ಪದವೂ ಉಳಿಯುತ್ತದೆ, ಚಂಡೆಯೂ ಉಳಿಯುತ್ತದೆ.

ಕಂಪ್ರೆಶನ್ ಎಂಬ ಮಾತಿಗೆ ಒಂದು ಗುಣಾಕಾರ ಸಾಕು. 1920 ಚುಕ್ಕಿ ಅಗಲ, 1080 ಚುಕ್ಕಿ ಎತ್ತರದ ಒಂದು ಫ್ರೇಮಿನಲ್ಲಿ ಸುಮಾರು 20.7 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್: ಸೆಕೆಂಡಿಗೆ ಸುಮಾರು 155 ಮೆಗಾಬೈಟ್, ಗಂಟೆಗೆ 560 ಗಿಗಾಬೈಟ್! ಇಷ್ಟನ್ನು ಯಾವ ಪೆನ್‌ಡ್ರೈವ್ ಹೊತ್ತೀತು? ಆದ್ದರಿಂದ ಕ್ಯಾಮೆರಾ ಒಂದು ಉಪಾಯ ಮಾಡುತ್ತದೆ. ಹಿಂದಿನ ಪರದೆ, ಕುಳಿತ ಹಿಮ್ಮೇಳ ಫ್ರೇಮಿನಿಂದ ಫ್ರೇಮಿಗೆ ಹೆಚ್ಚು ಬದಲಾಗುವುದಿಲ್ಲ. ಬದಲಾದದ್ದನ್ನಷ್ಟೇ ಬರೆದುಕೊಂಡರೆ ಸಾಕಲ್ಲ! ಹೀಗೆ ಸೆಕೆಂಡಿಗೆ 8 ಮೆಗಾಬಿಟ್ ಬಿಟ್‌ರೇಟಿಗೆ ಇಳಿಸಿದರೆ ಗಂಟೆಗೆ 3.6 ಗಿಗಾಬೈಟ್ ಮಾತ್ರ. ಈ ಮಡಚುವ-ಬಿಚ್ಚುವ ವಿಧಾನದ ಹೆಸರು ಕೋಡೆಕ್. ವಾಟ್ಸ್ಆ್ಯಪಿನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಸಾಮಾನ್ಯವಾಗಿ ಮತ್ತೊಮ್ಮೆ ಹಿಂಡಲ್ಪಡುತ್ತದೆ. ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳದವರಿಗೆ ಕೊನೆಗೆ ಉಳಿಯುವುದು ಹಿಂಡಿದ ಸಿಪ್ಪೆ.

ಈಗ ಕಪಾಟಿನ ಕ್ಯಾಸೆಟ್‌ಗೆ ಬರೋಣ. ಜಪಾನಿನಲ್ಲಿ 1976ರಲ್ಲಿ ಬಂದ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅರ್ಧ ಇಂಚಿನ ಟೇಪು, ಮೂರು ತಾಸಿನ ಒಂದಕ್ಕೆ ಸುಮಾರು ಕಾಲು ಕಿಲೋಮೀಟರ್ ಉದ್ದ. ಇಡೀ ರಾತ್ರಿಯ ಆಟಕ್ಕೆ ಮೂರು ಕ್ಯಾಸೆಟ್ ಬೇಕು. ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ‘ನೋಡೋಣ’ ಎಂದು ಯಂತ್ರಕ್ಕೆ ತುರುಕಬಾರದು. ಟೇಪೂ ಹರಿದೀತು, ಯಂತ್ರದ ಹೆಡ್ಡೂ ಕೆಟ್ಟು ಮುಂದಿನ ಕ್ಯಾಸೆಟ್‌ಗೂ ಅಂಟೀತು. ಯಂತ್ರವೂ ಈಗ ಅಪರೂಪ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಎಚ್‌ಎಸ್ ಯಂತ್ರಗಳ ತಯಾರಿಕೆ ನಿಲ್ಲಿಸಿತು.

ಅಂಗಡಿಗೆ ಕೊಟ್ಟು ಫೈಲ್ ಮಾಡಿಸುವವರು ಎರಡು ಮಾತು ಹೇಳಿ ಬರಬೇಕು. ಒಂದು, ಆಸ್ಪೆಕ್ಟ್ ರೇಶಿಯೊ, ಅಂದರೆ ಅಗಲ-ಎತ್ತರದ ಅನುಪಾತ. ಹಳೆಯ ಚಿತ್ರ 4:3, ಈಗಿನ ಟಿ.ವಿ. 16:9. ಪರದೆ ತುಂಬಲೆಂದು ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ, ಕಿರೀಟ ಕೊಳಗದಂತಾಗುತ್ತದೆ. ಎರಡೂ ಬದಿಗೆ ಕಪ್ಪು ಉಳಿದರೆ ಉಳಿಯಲಿ. ಇನ್ನೊಂದು, ಇಂಟರ್‌ಲೇಸ್. ಆಗಿನ ಕ್ಯಾಮೆರಾ ಒಂದು ಫ್ರೇಮಿನ ಬೆಸ ಗೆರೆಗಳನ್ನೊಮ್ಮೆ, ಸಮ ಗೆರೆಗಳನ್ನೊಮ್ಮೆ ಹಿಡಿಯುತ್ತಿತ್ತು. ಹಾಗಾಗಿ ಸೆಕೆಂಡಿಗೆ 50 ಕ್ಷಣಗಳು ದಾಖಲಾಗಿವೆ. ಕಂಪ್ಯೂಟರಿನಲ್ಲಿ ಅದು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆಂದು ಕೆಲವರು ಅರ್ಧ ಗೆರೆಗಳನ್ನು ಎಸೆದುಬಿಡುತ್ತಾರೆ, ಕುಣಿತದ ಅರ್ಧದಷ್ಟು ಕ್ಷಣಗಳೂ ಅದರೊಂದಿಗೇ ಹೋಗುತ್ತವೆ. ಇಂಟರ್‌ಲೇಸ್ ಹಾಗೇ ಇರುವ ಮೂಲ ಪ್ರತಿ ಒಂದಿರಲಿ, ನೋಡಲು ಬೇರೆ ಪ್ರತಿ ಮಾಡಿಸಿಕೊಳ್ಳಬಹುದು.

ಕಡೆಯ ಶಬ್ದ ಮೆಟಾಡೇಟಾ, ಎಂದರೆ ಫೈಲಿನ ಜೊತೆ ಬರೆದಿಡುವ ವಿವರ. ಯಾವ ಊರು, ಯಾವ ಪ್ರಸಂಗ, ಭಾಗವತಿಕೆ ಯಾರದು, ಮದ್ದಳೆ ಯಾರದು. ಕ್ಯಾಸೆಟ್‌ನ ಮೇಲೆ ‘ಆಟ’ ಎಂದಷ್ಟೇ ಇದ್ದರೆ ಇದನ್ನು ಹೇಳಬಲ್ಲವರು ಆ ರಾತ್ರಿ ನಿದ್ದೆಗೆಟ್ಟು ಕುಳಿತಿದ್ದ ಅಜ್ಜ-ಅಜ್ಜಿಯರು. ಹೊಸ ಫೈಲನ್ನು ಮೊದಲ ಸಲ ಹಾಕುವಾಗ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೈಯಲ್ಲೊಂದು ಪೆನ್ನು ಹಿಡಿದಿರಬೇಕು.