ಮಸಿ ಹಿಡಿದ ಕೊಳವೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದರ ಯೆಜ್ಡಿಯೊಂದು ನನ್ನ ಮನೆಯಂಗಳದಲ್ಲಿ ಇನ್ನೂ ಬಾಳುತ್ತಿದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದಷ್ಟೆ. ಅರೆಬೆಂದ ಎಣ್ಣೆಯು ಸೈಲೆನ್ಸರಿನ ಒಳಗೊಳವೆಯ ರಂಧ್ರಗಳಲ್ಲಿ ಮಸಿಯಾಗಿ ಹೆಪ್ಪುಗಟ್ಟುತ್ತದೆ. ಹೊಗೆಗೆ ದಾರಿ ಸಾಲದೆ ಬಂಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕೆಲವರು ಒಳಗೊಳವೆಯನ್ನೇ ಕಿತ್ತೆಸೆದು, ಹೆಚ್ಚಿದ ಸದ್ದನ್ನು ಹೆಚ್ಚಿದ ಶಕ್ತಿಯೆಂದು ಭ್ರಮಿಸುತ್ತಾರೆ. ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆಯು ಹೊಸ ಇಂಧನವನ್ನು ಸಿಲಿಂಡರಿನಲ್ಲಿ ತಡೆದಿಡಲು ನೆರವಾಗುವುದೆಂಬುದನ್ನು ಅವರು ಮರೆಯುತ್ತಾರೆ.

ನಾನು ಒಳಗೊಳವೆಯನ್ನು ಬಿಚ್ಚಿ, ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಒಂದಿರುಳು ನೆನೆಯಿಟ್ಟು, ತಂತಿಯ ಕುಂಚದಿಂದ ಉಜ್ಜುತ್ತೇನೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಗವಸು, ಕನ್ನಡಕ ಮರೆಯಬಾರದು. ಅಲ್ಯೂಮಿನಿಯಂ ಭಾಗಗಳಿಗೆ ಆ ನೀರು ಸೋಂಕಕೂಡದು. ತುಕ್ಕು ತಿಂದ ತೂತಿಗೆ ಹಿತ್ತಾಳೆಯ ಬೆಸುಗೆ ಸಾಕು. ಅಲ್ಲಿ ಕ್ರೋಮಿನ ಹೊಳಪು ಹೋಗುತ್ತದೆ; ಹೋಗಲಿ ಬಿಡಿ.