ರಾಜಮುದ್ರೆಯ ಹೆಮಾಕ

ಪ್ರಾಚೀನ ಈಜಿಪ್ಟ್ ಎಂದೊಡನೆ ಪಿರಮಿಡ್ಡುಗಳೂ ಅವುಗಳನ್ನು ಕಟ್ಟಿಸಿದ ಅರಸರೂ ನೆನಪಾಗುವುದು ಸಹಜ. ಆದರೆ ಅರಸನ ಆಜ್ಞೆಯನ್ನು ನಡೆಸಿಕೊಟ್ಟ, ಉಗ್ರಾಣದ ಲೆಕ್ಕ ನೋಡಿಕೊಂಡ ಅಧಿಕಾರಿಗಳನ್ನು ನಾವು ನೆನೆಯುವುದು ಅಪರೂಪ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ಅಂಥವರಲ್ಲಿ ಒಬ್ಬನಾದ ಹೆಮಾಕನ ವಿಚಾರವನ್ನು ಆರಿಸಿಕೊಂಡಿದ್ದೇನೆ.

ಹೆಮಾಕನು ಈಜಿಪ್ಟಿನ ಮೊದಲನೆಯ ರಾಜವಂಶದ ಅರಸ ಡೆನ್ನನ ಕಾಲದವನು. ಎಂದರೆ ಸುಮಾರು ಕ್ರಿ.ಪೂ. 2900ರ ಆಸುಪಾಸಿನವನು. ಗೀಜಾದ ಮಹಾಪಿರಮಿಡ್ಡು ತಲೆಯೆತ್ತಲು ಇನ್ನೂ ಕೆಲವು ಶತಮಾನಗಳು ಕಳೆಯಬೇಕಿತ್ತು. ಮೇಲಣ ಈಜಿಪ್ಟು, ಕೆಳಗಣ ಈಜಿಪ್ಟುಗಳೆರಡಕ್ಕೂ ಒಡೆಯನೆಂಬ ಜೋಡಿ ಬಿರುದನ್ನು ಮೊದಲಿಗೆ ಧರಿಸಿದವನು ಈ ಡೆನ್. ಹೆಮಾಕನ ಪದವಿಯಾದರೋ ‘ಕೆಳಗಣ ಈಜಿಪ್ಟಿನ ಅರಸನ ಮುದ್ರಾಧಿಕಾರಿ’ ಎಂಬುದು.

ಈ ಪದವಿಯ ಮಹತ್ವವನ್ನು ಅರಿಯಲು ಅಂದಿನ ವ್ಯವಹಾರವನ್ನು ತಿಳಿಯಬೇಕು. ಆಗ ನಾಣ್ಯವಿರಲಿಲ್ಲ. ಧಾನ್ಯ, ಎಣ್ಣೆ, ದ್ರಾಕ್ಷಾರಸಗಳೇ ಅರಮನೆಯ ಐಶ್ವರ್ಯ. ಜಾಡಿಯ ಬಾಯನ್ನು ಹಸಿಮಣ್ಣಿನಿಂದ ಮುಚ್ಚಿ, ಅದರ ಮೇಲೆ ಅಕ್ಷರ ಕೊರೆದ ಉರುಳೆಯಾಕಾರದ ಮುದ್ರೆಯನ್ನು ಹೊರಳಿಸುತ್ತಿದ್ದರು. ಮಣ್ಣು ಒಣಗಿತೆಂದರೆ, ಮುದ್ರೆಯನ್ನು ಒಡೆಯದೆ ಜಾಡಿಯನ್ನು ತೆರೆಯುವಂತಿರಲಿಲ್ಲ. ಆದುದರಿಂದ ಮುದ್ರೆ ಯಾರ ವಶದಲ್ಲಿತ್ತೋ ರಾಜ್ಯದ ಭಂಡಾರವೂ ಅವರ ವಶದಲ್ಲಿತ್ತೆನ್ನಬೇಕು.

ಕೈರೋ ನಗರದ ಸಮೀಪದ ಸಕ್ಕಾರಾದಲ್ಲಿ ಹೆಮಾಕನದೆಂದು ಪ್ರಸಿದ್ಧವಾದ ಇಟ್ಟಿಗೆಯ ಗೋರಿಯಿದೆ. ಉದ್ದ ಸುಮಾರು 57 ಮೀಟರ್, ಅಗಲ 26 ಮೀಟರ್. 1936ರಲ್ಲಿ ವಾಲ್ಟರ್ ಎಮರಿಯವರು ಇದನ್ನು ಉತ್ಖನನ ಮಾಡಿದಾಗ ಬಾಣಗಳು, ಕಲ್ಲಿನ ಪಾತ್ರೆಗಳು, ಡೆನ್ ಹಾಗೂ ಹೆಮಾಕರ ಹೆಸರುಳ್ಳ ಮಣ್ಣಿನ ಮುದ್ರೆಗಳು ದೊರೆತವು. ಜಿಂಕೆಯನ್ನು ಬೆನ್ನಟ್ಟುವ ಬೇಟೆನಾಯಿಗಳ ಚಿತ್ರವಿರುವ ಕರಿಕಲ್ಲಿನ ಬಿಲ್ಲೆಯೊಂದು ಇಂದಿಗೂ ನೋಡುಗರನ್ನು ಬೆರಗುಗೊಳಿಸುತ್ತದೆ.

ಆದರೆ ನನ್ನ ಮನಸ್ಸನ್ನು ಹಿಡಿದಿಟ್ಟುದು ಒಂದು ಮರದ ಪೆಟ್ಟಿಗೆ. ಅದರೊಳಗೆ ಪಪೈರಸ್ ಜೊಂಡಿನಿಂದ ಮಾಡಿದ ಬರವಣಿಗೆಯ ಸುರುಳಿಯಿತ್ತು. ನಮಗೆ ತಿಳಿದಿರುವ ಸುರುಳಿಗಳಲ್ಲಿ ಅತ್ಯಂತ ಹಳೆಯದು. ಅದರ ಮೇಲೆ ಒಂದಕ್ಷರವೂ ಇಲ್ಲ! ಬರೆಹವುಳ್ಳ ಸುರುಳಿಗಳಲ್ಲಿ ಇದುವರೆಗೆ ಸಿಕ್ಕಿರುವ ಅತಿ ಪ್ರಾಚೀನವಾದವು ಖುಫು ಅರಸನ ಕಾಲದವು. ಕೆಂಪು ಸಮುದ್ರದ ತೀರದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ದೊರೆತ ಅವುಗಳಲ್ಲಿ, ಪಿರಮಿಡ್ಡಿಗೆ ಸುಣ್ಣಕಲ್ಲು ಸಾಗಿಸಿದ ಮೆರೆರ್ ಎಂಬ ಅಧಿಕಾರಿಯ ದಿನಚರಿಯಿದೆ.

ಬರೆಯುವ ಸುರುಳಿಯನ್ನು ಸಿದ್ಧಪಡಿಸುವ ಕೌಶಲ ಹೆಮಾಕನ ಕಾಲಕ್ಕೇ ಇತ್ತೆಂಬುದಕ್ಕೆ ಆ ಖಾಲಿ ಸುರುಳಿಯೇ ಸಾಕ್ಷಿ. ಅಂದು ಬರೆದ ಸುರುಳಿಗಳಾವುವೂ ನಮ್ಮ ಕೈಸೇರಲಿಲ್ಲ. ಹೆಮಾಕನ ಹೆಸರು ಉಳಿದುದು ಜಾಡಿಗೆ ಮೆತ್ತಿದ ಮಣ್ಣಿನಲ್ಲಿ, ಅಬಿಡೋಸಿನ ಡೆನ್ ಅರಸನ ಗೋರಿಯಲ್ಲಿ ಸಿಕ್ಕಿದ ಅಂಗೈಯಗಲದ ಕರಿಮರದ ಪಟ್ಟಿಯಲ್ಲಿ, ಇಂಥ ಸಣ್ಣಪುಟ್ಟ ವಸ್ತುಗಳಲ್ಲಿ.

ಇದನ್ನೋದುವ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಶಾನುಭೋಗರ ಕಾಲದ ಕಡತಗಳು, ಹಿರಿಯರ ಕನ್ನಡ ಪತ್ರಗಳು, ಶಾಲೆಯ ಹಳೆಯ ಹಾಜರಿ ಪುಸ್ತಕಗಳು ನಿಮ್ಮ ಅಟ್ಟದಲ್ಲಿದ್ದರೆ ಗೆದ್ದಲಿಗೆ ಬಿಡದಿರಿ. ಗಡಿನಾಡಿನಲ್ಲಿ ನಾವು ಕನ್ನಡದಲ್ಲಿ ಬಾಳಿದೆವೆಂಬುದನ್ನು ಮುಂದಿನವರಿಗೆ ಹೇಳಬೇಕಾದವು ಅವೇ.